ನಕ್ಷತ್ರಗುಚ್ಛಗಳನ್ನು ಕಲಿತ ದಾರಿ

ಎಂಬತ್ತರ ದಶಕದ ಕೊನೆಯಲ್ಲಿ ಬೆಂಗಳೂರಿನಲ್ಲಿ ಆಕಾಶ ನೋಡುವ ಹುಚ್ಚು ಹತ್ತಿಸಿಕೊಂಡ ನಮಗೆ ಜಿ.ಟಿ. ನಾರಾಯಣರಾವ್ ಅವರ ಕನ್ನಡ ಪುಸ್ತಕಗಳೇ ಮೊದಲ ಮೇಷ್ಟ್ರು. ಆದರೆ ಕೃತ್ತಿಕೆ ಎಂಬ ಗುಚ್ಛದ ನಕ್ಷತ್ರಗಳು ಒಟ್ಟಿಗೆ ಹುಟ್ಟಿದವೆಂದು ಹೇಗೆ ಗೊತ್ತಾಯಿತು, ಅದರ ವಯಸ್ಸನ್ನು ಲೆಕ್ಕ ಹಾಕುವುದು ಹೇಗೆ ಎಂದು ಕೇಳತೊಡಗಿದಾಗ ದಾರಿ ಕಡಿದಾಯಿತು. ರಾಬರ್ಟ್ ಬರ್ನಮ್ ಅವರ 'ಸೆಲೆಸ್ಟಿಯಲ್ ಹ್ಯಾಂಡ್‌ಬುಕ್'ನ ಮೂರು ಸಂಪುಟಗಳು ಎರವಲು ಸಿಕ್ಕರೆ ಹಬ್ಬ. ಪಟ್ಟಿಗಳನ್ನೆಲ್ಲ ನೋಟ್‌ಬುಕ್ಕಿಗೆ ಇಳಿಸಿಕೊಳ್ಳುತ್ತಿದ್ದೆವು. 1989ರಲ್ಲಿ ನೆಹರು ತಾರಾಲಯ ಶುರುವಾದ ಮೇಲೆ ಸಂದೇಹ ಕೇಳಲು ಒಂದು ಜಾಗವಾಯಿತು.

ಆಗ ಅಚ್ಚಾದ ಅಂಕಿಯೇ ನಮಗೆ ಪ್ರಮಾಣ. ಆ ನಂಬಿಕೆ ಅಲುಗಿದ್ದು 1997ರಲ್ಲಿ. ಕೃತ್ತಿಕೆ ಸುಮಾರು 430 ಜ್ಯೋತಿರ್ವರ್ಷ ದೂರವೆಂದು ಓದಿದ್ದೆವು. ಹಿಪ್ಪಾರ್ಕಸ್ ಉಪಗ್ರಹದ ಅಳತೆ ಸುಮಾರು 385 ಎಂದಿತು. ವಿಜ್ಞಾನಿಗಳ ನಡುವೆ ವರ್ಷಗಟ್ಟಲೆ ವಾದ ನಡೆಯಿತು. 2013ರಲ್ಲಿ ಹಾರಿದ ಗಾಯಾ ಉಪಗ್ರಹದ ದತ್ತಾಂಶ 2018ರಲ್ಲಿ ಬಂದಾಗ ದೂರ ಸುಮಾರು 440ಕ್ಕೆ ನಿಂತಿತು. ಯಾವ ಅಂಕಿಯನ್ನೇ ಓದಲಿ, ಅದನ್ನು ಯಾವಾಗ, ಹೇಗೆ ಅಳೆದರು ಎಂದು ಮೊದಲು ನೋಡುವ ಅಭ್ಯಾಸ ನನಗೆ ಬಂದದ್ದು ಆ ವಾದದಿಂದ.

ಗಾಯಾ ಅಳೆದದ್ದು ಇವತ್ತು ಎಲ್ಲರಿಗೂ ಉಚಿತ. ಗುಚ್ಛ ಎಲ್ಲಿದೆ ಎಂದು ಹುಡುಕಲು ಸ್ಟೆಲೇರಿಯಂ ತಂತ್ರಾಂಶವಿದೆ. ಕೃತ್ತಿಕೆಯಂಥ ತೆರೆದ ಗುಚ್ಛಗಳ ಅಳತೆಗಳನ್ನು ಕೂಡಿಟ್ಟ ವೆಬ್ಡಾ ಎಂಬ ಜಾಲತಾಣವಿದೆ. ಕಲಿಯುವವರಿಗೆ ಕರ್ಕಾಟಕ ರಾಶಿಯಿಂದ ಶುರು ಮಾಡಿ ಎನ್ನುತ್ತೇನೆ. ಅಲ್ಲಿ ಎಂ 44 ಮತ್ತು ಎಂ 67 ಎಂಬ ಎರಡು ಗುಚ್ಛಗಳಿವೆ. ಮಾರ್ಚ್ ತಿಂಗಳ ಕತ್ತಲ ರಾತ್ರಿಯಲ್ಲಿ ಎರಡನ್ನೂ ಬೈನಾಕ್ಯುಲರ್‌ನಲ್ಲಿ ನೋಡಬಹುದು. ಆಮೇಲೆ ಗಾಯಾ ಪಟ್ಟಿಯಿಂದ ಒಂದೇ ದೂರದಲ್ಲಿದ್ದು ಒಂದೇ ದಿಕ್ಕಿಗೆ ಚಲಿಸುವ ನಕ್ಷತ್ರಗಳನ್ನು ಆರಿಸಿ, ಬಣ್ಣ ಮತ್ತು ಪ್ರಕಾಶಗಳ ನಕ್ಷೆ ಬರೆಯಬೇಕು. ದೊಡ್ಡ ನೀಲಿ ನಕ್ಷತ್ರಗಳು ಬೇಗ ಉರಿದು ಮುಗಿಯುತ್ತವೆ. ಹಾಗಾಗಿ ನಕ್ಷೆಯಲ್ಲಿ ನಕ್ಷತ್ರಗಳ ಸಾಲು ಎಲ್ಲಿ ತುಂಡಾಗಿ ಬಲಕ್ಕೆ ತಿರುಗುತ್ತದೋ ಅದೇ ವಯಸ್ಸಿನ ಗುರುತು. ಎಂ 44ಕ್ಕೆ ಸುಮಾರು 60–70 ಕೋಟಿ ವರ್ಷ, ಎಂ 67ಕ್ಕೆ ಸುಮಾರು 400 ಕೋಟಿ.

ನಾವು ಬರೀ ಓದಿ ನಂಬಿದ್ದನ್ನು ಈಗ ಹಳ್ಳಿ ಶಾಲೆಯ ಹುಡುಗಿಯೂ ತಾನೇ ಅಳೆದು ನೋಡಬಹುದು. ಆದರೆ ಈ ಕೆಲಸವನ್ನು ಹಂತಹಂತವಾಗಿ ಹೇಳಿಕೊಡುವ ಬರಹಗಳು ಕನ್ನಡದಲ್ಲಿ ಇನ್ನೂ ಹೆಚ್ಚು ಬೇಕು. ಎರವಲು ಪುಸ್ತಕದಿಂದ ಕಲಿತ ನಮ್ಮ ತಲೆಮಾರು ಅದನ್ನು ಬರೆದುಕೊಡಬೇಕು.