ಚಿತ್ರದ ಆಕಾಶ, ಅಂಗಳದ ಆಕಾಶ

ಮೊಬೈಲಿನ ಗಾಜಿನ ಮೇಲೆ ಬಂದು ಬೀಳುವ ಆಕಾಶದ ಚಿತ್ರಗಳಿಗೆ ಈಗ ನಗರ, ಹಳ್ಳಿ ಎಂಬ ಭೇದವಿಲ್ಲ. ಜಹೀರಾಬಾದಿನ ಕಬ್ಬಿನ ಹೊಲದಿಂದ ಬಂದವರಿಗೂ, ತಾಂಡೂರಿನ ಕಲ್ಲುಗಣಿಯಿಂದ ಮನೆಗೆ ಮರಳಿದವರಿಗೂ, ನಾರಾಯಣಖೇಡದ ಸಂತೆ ಮುಗಿಸಿ ಕುಳಿತವರಿಗೂ ಒಂದೇ ಚಿತ್ರ ತಲುಪುತ್ತದೆ: ಕತ್ತಲ ನಡುವೆ ಕಿತ್ತಳೆ ಬಣ್ಣದ ಒಂದು ಉಂಗುರ, ಅಥವಾ ಸಾವಿರ ಗೆಲಾಕ್ಸಿಗಳನ್ನು ಎರಚಿದಂತಿರುವ ಒಂದು ಆಕಾಶಖಂಡ. ದೊಡ್ಡವರು ಬೆರಳು ಸರಿಸಿ ಮುಂದೆ ಹೋಗುತ್ತಾರೆ. ಮಕ್ಕಳು ಹೋಗುವುದಿಲ್ಲ. “ಅಪ್ಪಾ, ಈ ಬಣ್ಣ ಖರೇನಾ?” ಎಂದು ಕೇಳುತ್ತಾರೆ.

ಈ ಪ್ರಶ್ನೆಗೆ ಉತ್ತರಿಸಲು ತನಗೆ ಇಂಗ್ಲಿಷು ಬಾರದು, ವಿಜ್ಞಾನ ಓದಿಲ್ಲ ಎಂದು ತಂದೆ ಹಿಂಜರಿಯುತ್ತಾನೆ. ಮಗುವೂ ಎರಡು ಮೂರು ಸಲ ಕೇಳಿ ಸುಮ್ಮನಾಗುತ್ತದೆ. ಗಡಿನಾಡಿನ ಕನ್ನಡ ಶಾಲೆಯ ಮನೆಗಳಲ್ಲಿ ಆಗುವ ಅತಿ ದೊಡ್ಡ ನಷ್ಟಗಳಲ್ಲಿ ಇದೂ ಒಂದು. ಅಂಕಪಟ್ಟಿಯಲ್ಲಿ ಅದು ಕಾಣುವುದಿಲ್ಲ. ಆದರೆ ಆ ಪ್ರಶ್ನೆಗೆ ಉತ್ತರ ಕನ್ನಡದಲ್ಲೇ ಇದೆ, ಮತ್ತು ಅದು ಕಷ್ಟದ್ದೂ ಅಲ್ಲ.

ಕಿತ್ತಳೆ ಉಂಗುರದ ಚಿತ್ರ ಜಗತ್ತಿಗೆ ದೊರೆತದ್ದು 2019ರ ಏಪ್ರಿಲ್ 10ರಂದು. ಎಂ 87 ಎಂಬ ಗೆಲಾಕ್ಸಿಯ ಮಧ್ಯದಲ್ಲಿರುವ ಕೃಷ್ಣವಿವರದ ಚಿತ್ರವದು. ಅದರ ದ್ರವ್ಯರಾಶಿ ಸುಮಾರು 650 ಕೋಟಿ ಸೂರ್ಯರಷ್ಟು. ದೂರ ಸುಮಾರು 5.5 ಕೋಟಿ ಜ್ಯೋತಿರ್ವರ್ಷ. ಜ್ಯೋತಿರ್ವರ್ಷವೆಂಬ ಪದದಲ್ಲಿ ವರ್ಷವಿದ್ದರೂ ಅದು ಕಾಲದ ಅಳತೆಯಲ್ಲ. ಬೆಳಕು ಒಂದು ವರ್ಷದಲ್ಲಿ ಕ್ರಮಿಸುವ ದೂರ. ಕೃಷ್ಣವಿವರವು ತನ್ನೊಳಗೆ ಬಿದ್ದ ಬೆಳಕನ್ನೂ ಹೊರಬಿಡುವುದಿಲ್ಲ. ಹಾಗಾದರೆ ಅದರ ಚಿತ್ರ ತೆಗೆದದ್ದು ಹೇಗೆ? ತೆಗೆದದ್ದು ವಿವರದ ಚಿತ್ರವಲ್ಲ, ಅದರ ನೆರಳಿನ ಚಿತ್ರ. ಸುತ್ತಲೂ ಕಾದು ಸುಳಿಯುವ ಅನಿಲ ಹೊಳೆಯುತ್ತದೆ. ನಡುವೆ ಬೆಳಕು ತಪ್ಪಿಸಿಕೊಳ್ಳಲಾಗದ ಭಾಗ ಕಪ್ಪಾಗಿ ಉಳಿಯುತ್ತದೆ. ಭೂಮಿಯ ಬೇರೆ ಬೇರೆ ಕಡೆಯ ಎಂಟು ರೇಡಿಯೋ ದೂರದರ್ಶಕಗಳು 2017ರಲ್ಲಿ ಒಟ್ಟಾಗಿ ಹಿಡಿದದ್ದು 1.3 ಮಿಲಿಮೀಟರ್ ಉದ್ದದ ಅಲೆಗಳನ್ನು. ಅವು ಕಣ್ಣಿಗೆ ಕಾಣುವ ಅಲೆಗಳಲ್ಲ. ಆದ್ದರಿಂದ ಅವಕ್ಕೆ ಬಣ್ಣವೆಂಬುದೇ ಇಲ್ಲ. ಗ್ರಾಮದ ನಕ್ಷೆಯಲ್ಲಿ ಕೆರೆಗೆ ನೀಲಿ ಬಳಿಯುವಂತೆ, ತಜ್ಞರು ಆ ಅಳತೆಗಳಿಗೆ ಕಿತ್ತಳೆ ಬಳಿದರು. ಕೆರೆಯ ನೀರು ಕೆಂಪಗಿದ್ದರೂ ನಕ್ಷೆಯಲ್ಲಿರುವ ಕೆರೆ ಸುಳ್ಳಲ್ಲ. ಮಗುವಿಗೆ ಹೇಳಬೇಕಾದದ್ದು ಇಷ್ಟೇ: ಆಕಾರ ಅಳೆದದ್ದು, ಬಣ್ಣ ಕೊಟ್ಟದ್ದು.

2021ರ ಡಿಸೆಂಬರ್ 25ರಂದು ಹಾರಿದ ಜೇಮ್ಸ್ ವೆಬ್ ದೂರದರ್ಶಕದ ಚಿತ್ರಗಳಿಗೂ ಇದೇ ಮಾತು ಸಲ್ಲುತ್ತದೆ. ಭೂಮಿಯಿಂದ ಸುಮಾರು 15 ಲಕ್ಷ ಕಿಲೋಮೀಟರ್ ದೂರದಲ್ಲಿ, ಆರೂವರೆ ಮೀಟರ್ ಅಗಲದ ಕನ್ನಡಿಯಿಂದ ಅದು ಹಿಡಿಯುವುದು ಹೆಚ್ಚಾಗಿ ಅವಕೆಂಪು ಕಿರಣಗಳನ್ನು, ಅಂದರೆ ಒಲೆಯ ಮುಂದೆ ಕುಳಿತಾಗ ಕಣ್ಣಿಗೆ ಕಾಣದೆ ಮೈಗೆ ತಾಗುವ ಶಾಖದ ಬಳಗದ ಕಿರಣಗಳನ್ನು. ಅವಕೆಂಪೇ ಏಕೆ? ವಿಶ್ವ ಹಿಗ್ಗುತ್ತಿದೆ. ಅತಿ ದೂರದ ಗೆಲಾಕ್ಸಿಯಿಂದ ಹೊರಟ ಬೆಳಕು ದಾರಿಯಲ್ಲಿ ಆ ಹಿಗ್ಗುವಿಕೆಯೊಡನೆ ತಾನೂ ಎಳೆದಂತಾಗಿ, ಅದರ ಅಲೆ ಉದ್ದವಾಗಿ, ಕಣ್ಣಿನ ಸೀಮೆಯನ್ನು ದಾಟಿಬಿಡುತ್ತದೆ.

ಇದೇ ಸಂಗತಿ ಇನ್ನೊಂದು ಹಳೆಯ ಒಗಟಿಗೂ ಬಾಗಿಲು ತೆರೆಯುತ್ತದೆ. ರಾತ್ರಿ ಏಕೆ ಕತ್ತಲೆ? ಸೂರ್ಯ ಮುಳುಗಿದ್ದರಿಂದ ಎನ್ನುವುದು ಅರ್ಧ ಉತ್ತರ. ನಕ್ಷತ್ರಗಳು ಎಲ್ಲೆಡೆಯೂ ಕೊನೆಯಿಲ್ಲದೆ ಹರಡಿದ್ದು, ಅನಾದಿಕಾಲದಿಂದ ಉರಿಯುತ್ತಿದ್ದರೆ, ದಟ್ಟ ಕಾಡಿನಲ್ಲಿ ಯಾವ ಕಡೆ ನೋಡಿದರೂ ಒಂದು ಮರದ ಬೊಡ್ಡೆಗೇ ಕಣ್ಣು ತಾಗುವಂತೆ, ಆಕಾಶದಲ್ಲಿ ಯಾವ ಕಡೆ ನೋಡಿದರೂ ಒಂದು ನಕ್ಷತ್ರಕ್ಕೇ ಕಣ್ಣು ತಾಗಬೇಕಿತ್ತು. ಇಡೀ ರಾತ್ರಿ ಹಗಲಾಗಬೇಕಿತ್ತು. ಜರ್ಮನಿಯ ಓಲ್ಬರ್ಸ್ 1823ರಲ್ಲಿ ಈ ತೊಡಕನ್ನು ಚರ್ಚಿಸಿದ. ಇಂದಿನ ಉತ್ತರ: ವಿಶ್ವಕ್ಕೆ ಸುಮಾರು 1380 ಕೋಟಿ ವರ್ಷಗಳ ವಯಸ್ಸಿದೆ, ಅದಕ್ಕಿಂತ ಹೆಚ್ಚು ಕಾಲ ಪಯಣಿಸಬೇಕಾದ ಬೆಳಕು ಇನ್ನೂ ಬಂದಿಲ್ಲ, ಬಂದ ಅತಿ ಹಳೆಯ ಬೆಳಕೋ ಹಿಗ್ಗಿ ಕಾಣದಂತಾಗಿದೆ. ಅಂಗಳದ ಕತ್ತಲೆಯು ವಿಶ್ವಕ್ಕೊಂದು ಆರಂಭವಿತ್ತೆಂಬುದಕ್ಕೆ ಸಾಕ್ಷಿ ನುಡಿಯುತ್ತದೆ. ಈ ಸಾಕ್ಷಿಯನ್ನು ಕೇಳಲು ಯಾವ ಯಂತ್ರವೂ ಬೇಡ.

ಆಕಾಶದ ಚಿತ್ರವೆಂದರೆ ಅಮೆರಿಕದಿಂದ ಬರುವುದು ಎಂಬ ಭಾವನೆಯೂ ಪೂರ್ತಿ ಸರಿಯಲ್ಲ. ಹೈದರಾಬಾದಿನಲ್ಲಿ ನವಾಬ್ ಜಫರ್ ಜಂಗ್ 1901ರಲ್ಲಿ ಸ್ವಂತ ಆಸಕ್ತಿಯಿಂದ ಒಂದು ವೀಕ್ಷಣಾಲಯ ಕಟ್ಟಿದರು. ಮುಂದೆ ನಿಜಾಮಿಯಾ ವೀಕ್ಷಣಾಲಯವೆಂದು ಹೆಸರಾಗಿ ಬೇಗಂಪೇಟೆಯಲ್ಲಿ ನೆಲೆಗೊಂಡ ಅದು, ಇಡೀ ಆಕಾಶದ ಛಾಯಾಚಿತ್ರ ತೆಗೆಯುವ ಅಂತರರಾಷ್ಟ್ರೀಯ ಕಾರ್ಯದಲ್ಲಿ ಪಾಲು ಪಡೆಯಿತು. ಚಿಲಿ ದೇಶದ ಸ್ಯಾಂಟಿಯಾಗೊ ವೀಕ್ಷಣಾಲಯ ಪೂರೈಸದೆ ಬಿಟ್ಟ ಆಕಾಶದ ಪಟ್ಟಿಯನ್ನು ಹೈದರಾಬಾದು ವಹಿಸಿಕೊಂಡಿತು. ಗಾಜಿನ ತಟ್ಟೆಗಳ ಮೇಲೆ ಚಿತ್ರ ಹಿಡಿದು, ಒಂದೊಂದು ಚುಕ್ಕಿಯ ಸ್ಥಾನವನ್ನು ಅಳೆದು, ಲಕ್ಷಾಂತರ ನಕ್ಷತ್ರಗಳ ಪಟ್ಟಿಯನ್ನು ಸಂಪುಟಗಳಾಗಿ ಪ್ರಕಟಿಸಿತು. ಆ ತಟ್ಟೆಗಳಲ್ಲಿ ಆಕಾಶ ತಿಳಿಯಾಗಿ, ನಕ್ಷತ್ರಗಳು ಕಪ್ಪು ಚುಕ್ಕಿಗಳಾಗಿ ಕಾಣುತ್ತವೆ. ಅದನ್ನು ಸುಳ್ಳೆಂದು ಯಾರೂ ಹೇಳಲಿಲ್ಲ. ಅಳೆಯುವವರಿಗೆ ಬೇಕಾದದ್ದು ಸ್ಥಾನ. ಈ ವೀಕ್ಷಣಾಲಯದ ಉದ್ಯೋಗಿಯೊಬ್ಬರ ಮಗನೇ ವೇಣು ಬಾಪ್ಪು. ಅಲ್ಲಿಯ ದೂರದರ್ಶಕಗಳ ನಡುವೆ ಬೆಳೆದ ಹುಡುಗ 1949ರಲ್ಲಿ ಒಂದು ಧೂಮಕೇತುವಿನ ಶೋಧದಲ್ಲಿ ಪಾಲುಗಾರನಾದ. ತಮಿಳುನಾಡಿನ ಕಾವಲೂರಿನ ದೊಡ್ಡ ದೂರದರ್ಶಕಕ್ಕೆ ಇಂದು ಅವರದೇ ಹೆಸರು.

ಇನ್ನೂ ಹತ್ತಿರ ಬಂದರೆ ನಾರಾಯಣಖೇಡದ ಸೀಮೆಯೇ ಸಿಗುತ್ತದೆ. ವಿಲಿಯಂ ಲ್ಯಾಂಬ್ಟನ್ ಕನ್ಯಾಕುಮಾರಿಯ ಬಳಿಯಿಂದ ಉತ್ತರಕ್ಕೆ ಭೂಮಿಯನ್ನು ಅಳೆಯುತ್ತ ಬಂದು, 1815ರಲ್ಲಿ ಬೀದರ ಪ್ರಾಂತದ ದಾಮರಗಿದ್ದವನ್ನು ತಲುಪಿದ. ಆ ನೆಲೆಯ ಅಕ್ಷಾಂಶ 18 ಡಿಗ್ರಿ 3 ಮಿನಿಟು. ನಾರಾಯಣಖೇಡದ ಅಕ್ಷಾಂಶವೂ ಬಹುಮಟ್ಟಿಗೆ ಅದೇ. ನೆಲವನ್ನು ಸರಪಳಿಯಿಂದಲೂ ಕೋನಗಳಿಂದಲೂ ಅಳೆದ ಆತ, ಅಕ್ಷಾಂಶವನ್ನು ನೆತ್ತಿಯ ಮೇಲೆ ಹಾಯುವ ನಕ್ಷತ್ರಗಳಿಂದ ಅಳೆದ. ಭೂಮಿಯ ಗಾತ್ರ, ಆಕಾರಗಳ ಲೆಕ್ಕಕ್ಕೆ ಈ ಸೀಮೆಯ ರಾತ್ರಿಗಳು ಒದಗಿವೆ.

ಆ ಲೆಕ್ಕದ ಚಿಕ್ಕ ರೂಪವೊಂದನ್ನು ಶಾಲೆಯ ಮಕ್ಕಳು ಇಂದೂ ಮಾಡಬಹುದು. ತಾಂಡೂರು, ಜಹೀರಾಬಾದ್, ನಾರಾಯಣಖೇಡ ಈ ಮೂರೂ ಹೆಚ್ಚುಕಡಿಮೆ ಒಂದೇ ರೇಖಾಂಶದ ಮೇಲೆ, ದಕ್ಷಿಣದಿಂದ ಉತ್ತರಕ್ಕೆ ಪೋಣಿಸಿದಂತಿವೆ. ವರ್ಷದಲ್ಲಿ ಎರಡು ದಿನ ಮಧ್ಯಾಹ್ನ ಸೂರ್ಯ ಇಲ್ಲಿ ನೇರ ನೆತ್ತಿಯ ಮೇಲಿರುತ್ತಾನೆ. ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಇರುವುದಿಲ್ಲ. ಮೇ 9ರ ಆಸುಪಾಸಿನಲ್ಲಿ ಈ ಶೂನ್ಯನೆರಳು ತಾಂಡೂರಿನಲ್ಲಿ. ಒಂದೆರಡು ದಿನ ಕಳೆದು ಜಹೀರಾಬಾದಿನಲ್ಲಿ. 12ರ ಹೊತ್ತಿಗೆ ನಾರಾಯಣಖೇಡದಲ್ಲಿ. ಆಗಸ್ಟಿನ ಮೊದಲ ವಾರದಲ್ಲಿ ಅದೇ ನೆರಳು ಹಿಮ್ಮುಖವಾಗಿ ನಾರಾಯಣಖೇಡದಿಂದ ತಾಂಡೂರಿಗೆ ಇಳಿಯುತ್ತದೆ. ಮೇ ತಿಂಗಳಲ್ಲಿ ಆ ಗಳಿಗೆ ಗಡಿಯಾರದ 12ಕ್ಕೆ ಬರುವುದಿಲ್ಲ, 12 ಗಂಟೆ 16 ನಿಮಿಷದ ಸುಮಾರಿಗೆ ಬರುತ್ತದೆ. ಏಕೆಂದರೆ ದೇಶದ ಗಡಿಯಾರ ನಡೆಯುವುದು ಪೂರ್ವದಲ್ಲಿರುವ 82.5 ಡಿಗ್ರಿ ರೇಖಾಂಶದ ಸೂರ್ಯನ ಲೆಕ್ಕದಲ್ಲಿ.

ತಾಂಡೂರಿನಲ್ಲಿ ನೆರಳು ಮಾಯವಾದ ದಿನ ನಾರಾಯಣಖೇಡದ ಒಂದು ಮೀಟರ್ ಕೋಲಿನ ನೆರಳು ಉತ್ತರಕ್ಕೆ ಒಂದೂಕಾಲು ಸೆಂಟಿಮೀಟರಿಗಿಂತ ತುಸು ಹೆಚ್ಚು. ಆದರೆ ಸೂರ್ಯ ಚುಕ್ಕಿಯಲ್ಲ, ಅರ್ಧ ಡಿಗ್ರಿ ಅಗಲದ ಬಿಂಬ. ಆದ್ದರಿಂದ ನೆರಳಿನ ತುದಿ ಸುಮಾರು ಒಂದು ಸೆಂಟಿಮೀಟರಿನಷ್ಟು ಮಸುಕಾಗಿರುತ್ತದೆ. ಇಷ್ಟು ಚಿಕ್ಕ ನೆರಳಿನಿಂದ ಭೂಮಿಯನ್ನು ಅಳೆಯುವುದು ಒರಟು ಕೆಲಸ. ಅದಕ್ಕೆ ದೂರದ ಜೊತೆಗಾರರು ಬೇಕು. ಕಾಸರಗೋಡಿನ ಕನ್ನಡ ಶಾಲೆಯೊಂದು ಅದೇ ದಿನ ತನ್ನ ಊರಿನ ನಡುಮಧ್ಯಾಹ್ನ ಅಂಥದೇ ಕೋಲು ನೆಟ್ಟರೆ ನೆರಳು ಎಂಟು ಸೆಂಟಿಮೀಟರಿಗೂ ಹೆಚ್ಚು, ಅದೂ ದಕ್ಷಿಣಕ್ಕೆ; ಏಕೆಂದರೆ ಅಂದು ಸೂರ್ಯ ಆ ಊರಿನ ಉತ್ತರದಲ್ಲಿರುತ್ತಾನೆ. ಆ ನೆರಳಿನ ಕೋನ ಸುಮಾರು 4.75 ಡಿಗ್ರಿ. ತಾಂಡೂರಿಗೂ ಕಾಸರಗೋಡಿಗೂ ನಡುವಿನ ಉತ್ತರ–ದಕ್ಷಿಣ ಅಂತರವನ್ನು ಭೂಪಟದಲ್ಲಿ ಅಳೆದರೆ ಸುಮಾರು 527 ಕಿಲೋಮೀಟರ್. 4.75 ಡಿಗ್ರಿಗೆ ಇಷ್ಟಾದರೆ 360 ಡಿಗ್ರಿಗೆ ಎಷ್ಟು ಎಂಬುದು ತ್ರೈರಾಶಿಯ ಲೆಕ್ಕ. ಉತ್ತರ 40,000 ಕಿಲೋಮೀಟರಿನ ಹತ್ತಿರ ಬರುತ್ತದೆ. ಎರಡು ಸಾವಿರ ವರ್ಷಗಳಿಗೂ ಹಿಂದೆ ಈಜಿಪ್ಟಿನಲ್ಲಿ ಎರಟಾಸ್ತನೀಸ್ ಮಾಡಿದ ಲೆಕ್ಕವೂ ಇದೇ.

ಮೇ ತಿಂಗಳಲ್ಲಿ ಆಕಾಶ ತಿಳಿಯಾಗಿದ್ದರೂ ಶಾಲೆಗೆ ರಜೆ. ಆಗಸ್ಟಿನಲ್ಲಿ ಶಾಲೆಯಿದ್ದರೂ ಮೋಡ. ಆದ್ದರಿಂದ ಈ ಕೆಲಸ ಮನೆಯ ಅಂಗಳಕ್ಕೇ ಸಲ್ಲುತ್ತದೆ. ಬೇಕಾದದ್ದು ಒಂದು ನೆಟ್ಟನೆಯ ಕೋಲು, ಅದು ಲಂಬವಾಗಿದೆಯೇ ಎಂದು ನೋಡಲು ಗೌಂಡಿಯ ತೂಗುಗುಂಡು, ಸಮತಟ್ಟಾದ ಒಂದು ಹಾಸುಗಲ್ಲು. ತಾಂಡೂರಿನ ಮನೆಗಳಲ್ಲಿ ಹಾಸುಗಲ್ಲಿಗೇನೂ ಕೊರತೆಯಿಲ್ಲ. ಇಂಗ್ಲಿಷು ಬಾರದ ತಂದೆಗೆ ತೂಗುಗುಂಡು ಹಿಡಿಯಲು ಬರುತ್ತದೆ. ಮಗಳು ನೆರಳಿನ ತುದಿಗೆ ಸೀಮೆಸುಣ್ಣದ ಗುರುತು ಹಾಕುತ್ತಾಳೆ. ಅವ್ವ ಗಡಿಯಾರ ನೋಡಿ ಹೊತ್ತು ಹೇಳುತ್ತಾಳೆ. ಅಳತೆ ತಪ್ಪಿದರೆ ಏಕೆ ತಪ್ಪಿತೆಂದು ಮೂವರೂ ಕನ್ನಡದಲ್ಲೇ ವಾದಿಸುತ್ತಾರೆ. ಅಷ್ಟು ವಾದ ನಡೆದ ಮನೆಯ ಮಗು ನಾಳೆ ಯಾವ ಮಾಧ್ಯಮದ ಕಾಲೇಜಿಗೆ ಹೋದರೂ ಪ್ರಶ್ನೆ ಕೇಳುವುದನ್ನು ಮರೆಯದು.