ವಾರ ನೋಡಿ ಊಟ

ಕೆರಿಬಿಯನ್ ದ್ವೀಪಗಳಿಗೆ ರಜೆ ಕಳೆಯಲು ಹೊರಟವರೆಲ್ಲ ಅಲ್ಲಿ ಒಳ್ಳೆಯ ಊಟ ಎಲ್ಲಿ ಸಿಗುತ್ತದೆ ಎಂದೇ ವಿಚಾರಿಸುತ್ತಾರೆ. ಊರೂರಿನ ರುಚಿ ಹುಡುಕುವುದನ್ನೇ ಹವ್ಯಾಸ ಮಾಡಿಕೊಂಡ ನನಗೆ ಈ ಪ್ರಶ್ನೆಯ ಮೇಲೇ ತಕರಾರು. ಮೊದಲು ಕೇಳಬೇಕಾದದ್ದು ಯಾವ ವಾರ, ಎಷ್ಟು ಹೊತ್ತಿಗೆ ಎಂದು. ಬಾರ್ಬಡೋಸ್‌ನಲ್ಲಿ ಗೆಣಸಿನ ಪುಡಿಂಗ್, ಉಪ್ಪು ನಿಂಬೆರಸದಲ್ಲಿ ನೆನೆದ ಹಂದಿಮಾಂಸ ಶನಿವಾರದ ತಿನಿಸು. ಆಯ್‌ಸ್ಟಿನ್ಸ್ ಎಂಬ ಮೀನುಗಾರರ ಊರು ತುಂಬುವುದು ಶುಕ್ರವಾರ ರಾತ್ರಿ. ಸೇಂಟ್ ಲೂಸಿಯಾದಲ್ಲಿ ಹುರಿದ ಮೀನಿಗೆ ಶುಕ್ರವಾರ ಆನ್ಸ್ ಲಾ ರೇ, ಶನಿವಾರ ಡೆನರಿ. ಟ್ರಿನಿಡಾಡ್‌ನ ಭಾನುವಾರಕ್ಕೆ ಕೆಸುವಿನೆಲೆ, ಬೆಂಡೆಕಾಯಿ ಬೆಂದ ಕ್ಯಾಲಲೂ ಆಗಲೇಬೇಕು. ಕಬ್ಬಿನ ತೋಟಗಳಲ್ಲಿ ದುಡಿದ ಗುಲಾಮರಿಗೆ ಬಿಡುವೂ ಭಾನುವಾರವೇ, ತಾವು ಬೆಳೆದದ್ದನ್ನು ಮಾರುವ ಸಂತೆಯೂ ಭಾನುವಾರವೇ. ಅಂಥ ನಾಡಿನಲ್ಲಿ ಊಟಕ್ಕೆ ವಾರ ಅಂಟಿಕೊಂಡದ್ದು ಸಹಜ. ಹಾಗಿರುವಾಗ ಎಲ್ಲ ದಿನ, ಎಲ್ಲ ಹೊತ್ತಿನಲ್ಲೂ ಎಲ್ಲವನ್ನೂ ಬಡಿಸುವ ಜಾಗ ಊರಿನವರಿಗಾಗಿ ತೆರೆದದ್ದಲ್ಲ ಎಂದು ಧಾರಾಳವಾಗಿ ಊಹಿಸಬಹುದು.

ಇದಕ್ಕೆ ಟ್ರಿನಿಡಾಡ್‌ನ ಡಬಲ್ಸ್‌ಗಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಅರಿಸಿನ ಹಾಕಿ ಹುದುಗಿಸಿದ ಮೈದಾಹಿಟ್ಟಿನ ಎರಡು ಮೆತ್ತನೆಯ ಬಾರಾ, ನಡುವೆ ಕಡಲೆಯ ಗೊಜ್ಜು, ಮೇಲೆ ಹುಣಸೆ ಚಟ್ನಿ, ಸೌತೆಕಾಯಿ, ಸ್ಕಾಚ್ ಬಾನೆಟ್ ಮೆಣಸಿನಕಾಯಿಯ ಉರಿಯುವ ಸಾಸ್. ಪೋರ್ಟ್ ಆಫ್ ಸ್ಪೇನ್‌ನಲ್ಲಿ ಕಚೇರಿಗೆ ಹೊರಟವರು ಬೆಳಿಗ್ಗೆಯೇ ಗಾಡಿಯ ಮುಂದೆ ನಿಂತು ತಿಂದು ಹೋಗುತ್ತಾರೆ. ಕಡಲೆ ಮುಗಿದರೆ ವ್ಯಾಪಾರ ಮುಗಿಯಿತು. ಹತ್ತು ಗಂಟೆಗೆ ಎದ್ದು ಬಂದವರಿಗೆ ಎಷ್ಟೋ ಕಡೆ ಖಾಲಿ ಜಾಗವೇ ಗತಿ.

ಬೀದಿಬದಿಯ ಶುಚಿತ್ವದ ಮಾತು ಬಂದೇ ಬರುತ್ತದೆ. ಭಯ ಸುಳ್ಳಲ್ಲ, ಆದರೆ ಅದನ್ನು ತಪ್ಪು ಕಡೆ ತಿರುಗಿಸುತ್ತೇವೆ. ಹಬೆಯಾಡುವ ಪಾತ್ರೆ ಎರಡು ಮೂರು ಗಂಟೆಯಲ್ಲಿ ಬರಿದಾಗುವ ಗಾಡಿಗಿಂತ, ಅರೆಬಿಸಿ ತಟ್ಟೆಗಳಲ್ಲಿ ಹೊತ್ತುಗಟ್ಟಲೆ ಕೂತ ಬಫೆ ಹೇಗೆ ಸುರಕ್ಷಿತ? ನಾಲ್ಕು ದಿನದ ರಜೆಯಲ್ಲಿ ವಾರ ಹೊಂದಿಸುವುದು ಕಷ್ಟ ಎನ್ನುವವರೂ ಉಂಟು. ವಿಮಾನದ ದರ ನೋಡಲು ಸಂಜೆಗಟ್ಟಲೆ ಕಳೆಯುವವರು ಒಂದು ಶುಕ್ರವಾರವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದೇ?

ನನಗೆ ನಿಜವಾಗಿ ಸಿಟ್ಟು ಬರುವುದು ಡಬಲ್ಸ್ ತಿಂದು, 'ಇದು ನಮ್ಮ ಛೋಲೆ ಭಟೂರೆಯೇ, ಸರಿಯಾಗಿ ಮಾಡಿಲ್ಲ' ಎಂದು ತೀರ್ಪು ಕೊಡುವ ಭಾರತೀಯ ಪ್ರವಾಸಿಗಳ ಮೇಲೆ. 1845ರ ಮೇ 30ರಂದು ಫತೇಲ್ ರಜಾಕ್ ಹಡಗು ಟ್ರಿನಿಡಾಡ್ ತಲುಪಿತು. 1917ರವರೆಗೆ ಕರಾರಿನ ಕೂಲಿಗಳಾಗಿ ಸುಮಾರು 1.4 ಲಕ್ಷ ಜನ ಅಲ್ಲಿಗೆ ಹೋದರು. ಹೆಚ್ಚಿನವರು ಭೋಜ್‌ಪುರಿ ಸೀಮೆಯವರು. ಅವರ ಮಕ್ಕಳು ಮೊಮ್ಮಕ್ಕಳು ಅಲ್ಲಿನ ಮೆಣಸಿನಕಾಯಿ, ಅಲ್ಲೇ ಬೆಳೆಯುವ ಶಾಡೋ ಬೆನಿ ಸೊಪ್ಪು ಹಿಡಿದು ಹೊಸದೊಂದನ್ನು ಕಟ್ಟಿದರು. ಡಬಲ್ಸ್ ಹುಟ್ಟಿದ್ದು 1930ರ ದಶಕದ ಟ್ರಿನಿಡಾಡ್‌ನಲ್ಲಿ. ಇಂದು ಆಫ್ರಿಕನ್ ಮೂಲದವರಿಗೂ ಅದು ಬೆಳಗಿನ ತಿಂಡಿ. ಬೇಳೆಯ ಹೂರಣ ತುಂಬಿದ ದಾಲ್‌ಪುರಿ ಬೆಲ್ಲವಿಲ್ಲದ ಹೋಳಿಗೆಯಂತೆ ಕಂಡರೂ ನಮ್ಮ ಹೋಳಿಗೆಯ ಅಳತೆಗೋಲು ಅದಕ್ಕೆ ಸಲ್ಲದು. ಅಷ್ಟು ದುಡಿದು ಉಳಿಸಿಕೊಂಡವರ ಕೈರುಚಿಗೆ ಅಂಕ ಹಾಕುವ ಅಧಿಕಾರ ನಮಗಿಲ್ಲ.

ಟ್ರಿನಿಡಾಡ್‌ಗೆ ಹೋದರೆ ಹೋಟೆಲಿನ ಪುಕ್ಕಟೆ ತಿಂಡಿ ಬಿಡಿ, ಏಳು ಗಂಟೆಯೊಳಗೆ ಬೀದಿಗಿಳಿಯಿರಿ. ಖಾರ ಎಷ್ಟು ಎಂದು ಕೇಳಿದಾಗ 'ಸ್ಲೈಟ್' ಎನ್ನಿ. ಸ್ಕಾಚ್ ಬಾನೆಟ್‌ನ ಮುಂದೆ ಬ್ಯಾಡಗಿಯ ಅಭ್ಯಾಸ ಕೆಲಸಕ್ಕೆ ಬಾರದು.