ಪೂರ್ತಿ ಅಳತೆಯ ಪಿಟೀಲು

ನಮ್ಮ ಮಾತಿನಲ್ಲಿ ಪಿಟೀಲಿಗೆ ಮರ್ಯಾದೆ ಕಡಿಮೆ. ವೀಣೆಯನ್ನು ನುಡಿಸುತ್ತಾರೆ, ಕೊಳಲನ್ನು ಊದುತ್ತಾರೆ, ಪಿಟೀಲನ್ನು ಮಾತ್ರ ಕುಯ್ಯುತ್ತಾರೆ. ನಾನು ತರಗತಿಯಲ್ಲಿ ಷಟ್ಪದಿಯ ಲಕ್ಷಣ ಹೇಳತೊಡಗಿದರೆ ಹಿಂದಿನ ಬೆಂಚಿನಿಂದ ‘ಪಿಟೀಲು ಶುರುವಾಯಿತು’ ಎಂಬ ಪಿಸುಮಾತು ಕೇಳಿಸುವುದುಂಟು. ಆದ್ದರಿಂದ ಒಂಬತ್ತು ವರ್ಷದ ಮಗಳು ‘ಅಪ್ಪಾ, ನಾನು ಪಿಟೀಲು ಕಲೀತೀನಿ’ ಎಂದಾಗ, ಇವಳೂ ನನ್ನ ವೃತ್ತಿಯನ್ನೇ ಹಿಡಿಯುವಳೋ ಎಂದು ಒಂದು ಗಳಿಗೆ ಗಾಬರಿಯಾಯಿತು.

ಗಾಬರಿಗೆ ಇನ್ನೊಂದು ಕಾರಣವೂ ಇತ್ತು. ಅದು ನಮ್ಮ ಮನೆಯ ಅಟ್ಟದ ಮೇಲಿತ್ತು.

1989ರಲ್ಲಿ, ನಾವು ಅರಸೀಕೆರೆಯಲ್ಲಿದ್ದಾಗ, ನಮ್ಮ ತಂದೆ ನನಗೊಂದು ಪಿಟೀಲು ತಂದುಕೊಟ್ಟರು. ಅವರು ಪ್ರಾಥಮಿಕ ಶಾಲೆಯ ಮೇಷ್ಟರು. ಅಂಗಿ ಹೊಲಿಸುವಾಗ ‘ಬೆಳೆಯೋ ಹುಡುಗ, ನಾಲ್ಕು ಬೆರಳು ದೊಡ್ಡದಾಗಿಯೇ ಇರಲಿ’ ಎಂದು ದರ್ಜಿಗೆ ಹೇಳುವವರು. ಪಿಟೀಲಿಗೂ ಅದೇ ನ್ಯಾಯವನ್ನು ಅನ್ವಯಿಸಿ, ಯಾರೋ ಬಳಸಿ ಬಿಟ್ಟ ದೊಡ್ಡವರ ಪಿಟೀಲನ್ನೇ ಅಗ್ಗಕ್ಕೆ ಕೊಂಡಿದ್ದರು. ಆರು ತಿಂಗಳು ಸರಳೆವರಿಸೆಯೊಡನೆ ಹೆಣಗಿದೆ. ಮಧ್ಯಮದ ಸ್ಥಾನಕ್ಕೆ ಬೆರಳು ಎಟುಕುತ್ತಿರಲಿಲ್ಲ. ಶ್ರುತಿ ಮಾಡಿದ ತಂತಿ ವರಿಸೆ ಮುಗಿಯುವುದರೊಳಗೆ ಸಡಿಲವಾಗುತ್ತಿತ್ತು. ಕಡೆಗೊಂದು ದಿನ ಗುರುಗಳು ‘ಹುಡುಗನಿಗೆ ಶ್ರುತಿಜ್ಞಾನ ಸಾಲದು’ ಎಂದರು. ‘ಹೋಗಲಿ ಬಿಡು, ನಮ್ಮ ವಂಶದಲ್ಲೇ ಸಂಗೀತ ಇಲ್ಲ’ ಎಂದು ತಂದೆ ಪೆಟ್ಟಿಗೆಯ ಮುಚ್ಚಳ ಹಾಕಿದರು. ಏಳು ತಂತಿಯ ಪಿಟೀಲಿನಿಂದ ಸಭೆ ತುಂಬಿದ ಚೌಡಯ್ಯನವರು ಹುಟ್ಟಿದ ನಾಡಿನಲ್ಲಿ ನನಗೆ ನಾಲ್ಕು ತಂತಿಯೂ ದಕ್ಕಲಿಲ್ಲ. ಅಂದಿನಿಂದ ಮನೆಯ ಆರತಿ ಹಾಡಿಗೂ ನಾನು ದನಿ ಕೂಡಿಸಿದವನಲ್ಲ.

ಮಗಳ ಬಣ್ಣದ ಪೆಟ್ಟಿಗೆ, ಚಕ್ರದ ಬೂಟು ಎಲ್ಲವೂ ತಿಂಗಳೊಪ್ಪತ್ತಿನಲ್ಲಿ ಮೂಲೆ ಸೇರಿದ್ದವು. ಇದಕ್ಕೆ ಹೊಸದಾಗಿ ಹಣ ಸುರಿಯುವುದೇಕೆ? ಅಟ್ಟದ ಮೇಲಿನದನ್ನೇ ರಿಪೇರಿ ಮಾಡಿಸಿಕೊಡೋಣವೆಂದು ಅವಳನ್ನೂ ಪೆಟ್ಟಿಗೆಯನ್ನೂ ಕರೆದುಕೊಂಡು ಬೆಂಗಳೂರಿನ ಬಳೇಪೇಟೆಗೆ ಹೋದೆ.

ಅಂಗಡಿಯ ಯಜಮಾನರು ವಯಸ್ಸಾದವರು. ಪಿಟೀಲನ್ನು ಕಿವಿಯ ಬಳಿ ಹಿಡಿದು ಅಲುಗಿಸಿದರು. ಒಳಗೇನೋ ಗಲಗಲ ಎಂದಿತು. ‘ಒಳಗಿನ ಕಡ್ಡಿ ಬಿದ್ದಿದೆ’ ಎಂದರು. ತಂತಿಗಳನ್ನು ಹೊತ್ತ ಕುದುರೆಯ ಒಂದು ಕಾಲಿನ ಹಿಂದೆ, ಮೇಲಿನ ಹಲಗೆಗೂ ಕೆಳಗಿನ ಹಲಗೆಗೂ ನಡುವೆ ನಿಲ್ಲುವ ಪುಟ್ಟ ಕಡ್ಡಿ ಅದು. ಅದಕ್ಕೆ ಅಂಟಿಲ್ಲ, ಮೊಳೆಯಿಲ್ಲ, ಬಿಗಿತದಿಂದಲೇ ನಿಂತಿರುತ್ತದೆ. ಫ್ರೆಂಚರೂ ಇಟಲಿಯವರೂ ಅದನ್ನು ‘ಆತ್ಮ’ ಎಂಬರ್ಥದ ಮಾತಿನಿಂದಲೇ ಕರೆಯುತ್ತಾರೆ. ಒಳಗಿನ ಚೀಟಿಯಲ್ಲಿ ‘ಸ್ಟ್ರಾಡಿವೇರಿಯಸ್’ ಎಂದಿರುವುದನ್ನು ನಾನು ತುಸು ಜಂಬದಿಂದಲೇ ತೋರಿಸಿದೆ. ‘ಆತ ತೀರಿಕೊಂಡದ್ದು 1737ರಲ್ಲಿ ಸ್ವಾಮಿ, ಚೀಟಿಗೆ ಮಾತ್ರ ಸಾವಿಲ್ಲ. ಕಾರ್ಖಾನೆಯ ಪಿಟೀಲುಗಳ ಒಳಗೆಲ್ಲ ಅದೇ’ ಎಂದು ನಕ್ಕರು.

ಆಮೇಲೆ ಬಿರಡೆಗಳನ್ನು ತಿರುಗಿಸಿದರು. ‘ಕೊಳ್ಳುವವರು ಬಣ್ಣ ನೋಡುತ್ತಾರೆ. ನೋಡಬೇಕಾದ್ದು ಇದನ್ನು. ಬಿರಡೆ ತೂತಿನಲ್ಲಿ ಕಚ್ಚಿ ಕೂತಿರಬೇಕು. ಇವು ಮೊದಲಿನಿಂದಲೂ ಕೂತಿಲ್ಲ. ಕುದುರೆಯೂ ಎತ್ತರ, ತಂತಿ ಒತ್ತಿದರೆ ಬೆರಳು ಸೀಳುತ್ತದೆ. ಇದರಲ್ಲಿ ವಿದ್ವಾಂಸರಿಗೂ ಶ್ರುತಿ ನಿಲ್ಲದು. ಯಾರು ಕಲಿತದ್ದು?’

ನಾನು ಉತ್ತರ ಹೇಳಲಿಲ್ಲ.

ಅವರು ಮಗಳ ಎಡಗೈಯನ್ನು ಚಾಚಿಸಿ, ಪಿಟೀಲನ್ನು ಹೆಗಲಿಗಿಟ್ಟು ತೋರಿಸಿದರು. ಅದರ ಸುರುಳಿ ತುದಿ ಬೆರಳುಗಳನ್ನೂ ದಾಟಿತ್ತು. ಆ ತುದಿ ಅಂಗೈಯೊಳಗೆ ಸುಖವಾಗಿ ಕೂರಬೇಕಂತೆ. ಮುಕ್ಕಾಲು ಅಳತೆಯದೂ ದೊಡ್ಡದಾಯಿತು, ಅರ್ಧದ್ದು ಕೂತಿತು. ಅರ್ಧವೆಂದರೆ ಉದ್ದದಲ್ಲಿ ಅರ್ಧವಲ್ಲ. ಪೂರ್ತಿ ಪಿಟೀಲಿನ ಒಡಲು ಸುಮಾರು 14 ಅಂಗುಲವಾದರೆ ಇದು 12½ರ ಹತ್ತಿರ. ಆ ಒಂದೂವರೆ ಅಂಗುಲವನ್ನೇ ನಾನು ಮೂವತ್ತು ವರ್ಷಕ್ಕೂ ಮೀರಿ ‘ಶ್ರುತಿಜ್ಞಾನ ಸಾಲದು’ ಎಂಬ ಹೆಸರಿನಿಂದ ಹೊತ್ತು ತಿರುಗಿದ್ದೆ.

ತಂದೆಯ ಮೇಲೆ ಸಿಟ್ಟು ಬರಲಿಲ್ಲ. ಅವರು ತಮ್ಮ ಸಂಬಳಕ್ಕೆ ಎಟುಕಿದ್ದನ್ನು ಕೊಂಡಿದ್ದರು. ನಾನು ಕಾಲೇಜಿನ ಸಂಬಳ ಎಣಿಸುತ್ತಲೂ ಅದನ್ನೇ ಮಗಳಿಗೆ ಕಟ್ಟಲು ಹೊರಟಿದ್ದೆ. ‘ತಪ್ಪು ಹುಡುಗನದಲ್ಲವಂತೆ’ ಎಂದು ಹೇಳೋಣವೆಂದರೆ ಅವರಿಲ್ಲ. ವಂಶದಲ್ಲೇ ಸಂಗೀತವಿಲ್ಲವೆಂಬ ಮಾತನ್ನು ನಂಬಿಕೊಂಡೇ ಹೋದರು.

ಅರ್ಧ ಅಳತೆಯದಕ್ಕೆ ಹಣ ಕೊಟ್ಟೆ. ಕಮಾನಿನ ಕುದುರೆಗೂದಲಿಗೆ ಉಜ್ಜುವ ರಾಳದ ಬಿಲ್ಲೆಯೊಂದನ್ನೂ ಕೊಂಡೆವು. ಅದಿಲ್ಲದೆ ಎಂಥ ಪಿಟೀಲೂ ಮೂಕ. ‘ಹಳೆಯದನ್ನು ಏನು ಮಾಡಲಿ?’ ಎಂದೆ. ‘ಮರ ಕೆಟ್ಟಿಲ್ಲ. ಬಿರಡೆ ಕೂರಿಸಿ, ಕುದುರೆ ತಗ್ಗಿಸಿ, ಕಡ್ಡಿ ನಿಲ್ಲಿಸಿದರೆ ಆಯಿತು’ ಎಂದು ನನ್ನ ತೋಳನ್ನು ಮೇಲಿನಿಂದ ಕೆಳಗೆ ನೋಡಿ, ‘ಈಗ ನಿಮಗೆ ಅಳತೆ ಸರಿಯಾಗಿದೆ’ ಎಂದರು.

ರಿಪೇರಿಗೆ ಬಿಟ್ಟು ಬಂದೆ. ಬಸ್ಸಿನಲ್ಲಿ ಮಗಳು ಹೊಸ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೇಳಿದಳು:

‘ಆ ದೊಡ್ಡ ಪಿಟೀಲು ಯಾರಿಗಪ್ಪಾ?’

‘ನಿನಗೇ. ದೊಡ್ಡವಳಾದ ಮೇಲೆ.’

‘ಅಲ್ಲೀವರೆಗೂ?’

ಕಂಡಕ್ಟರು ಬಂದದ್ದು ಒಳ್ಳೆಯದಾಯಿತು. ಟಿಕೆಟ್ಟಿಗೆಂದು ಜೇಬಿಗೆ ಕೈ ಹಾಕಿದರೆ ಮೊದಲು ಸಿಕ್ಕಿದ್ದು ರಿಪೇರಿಯ ಚೀಟಿ.